ಮುದಿ ನಾಯಿಯ ಎದೆಬಡಿತದಲ್ಲಿ ನಾನು ಹುಡುಕುವ ಏರಿಳಿತ

ತುಮಕೂರಿನ ನನ್ನ ಕ್ಲಿನಿಕ್‌ಗೆ ಬರುವ ವಯಸ್ಸಾದ ನಾಯಿಗಳಲ್ಲಿ ಪಾಮೇರಿಯನ್‌ಗಳೇ ಜಾಸ್ತಿ. ಹೆಚ್ಚಿನವು ನಿಜಕ್ಕೆ ಇಂಡಿಯನ್ ಸ್ಪಿಟ್ಜ್. ಹತ್ತು ವರ್ಷ ದಾಟಿದ ಚಿಕ್ಕ ನಾಯಿಯ ಎದೆಯ ಎಡಗಡೆ ಸ್ಟೆತೋಸ್ಕೋಪ್ ಇಟ್ಟರೆ ಎಷ್ಟೋ ಸಲ ಬಡಿತದ ನಡುವೆ ‘ಶ್‌ಶ್’ ಎಂಬ ಸದ್ದು ಕೇಳುತ್ತದೆ. ಅದೇ ಮರ್ಮರ್. ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ (ಕವಾಟ) ದಪ್ಪಗಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತಿರುತ್ತದೆ. ನಾಯಿಗಳ ಹೃದಯದ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ.

ವಿಷಯ ಹೇಳಿದ ಕೂಡಲೇ ಮನೆಯವರು ಕೇಳುವುದು ಒಂದೇ: “ಡಾಕ್ಟ್ರೇ, ಇನ್ನೆಷ್ಟು ದಿನ ಇರುತ್ತೆ?” ಮರ್ಮರ್ ಇದ್ದೂ ವರ್ಷಗಟ್ಟಲೆ ಆರಾಮಾಗಿ ಓಡಾಡುವ ನಾಯಿಗಳಿವೆ. ಹೃದಯ ಇನ್ನೂ ತಡೆದುಕೊಳ್ಳುತ್ತಿದೆಯೋ, ಸೋಲುತ್ತಿದೆಯೋ ಎಂಬುದೇ ಮುಖ್ಯ. ಅದಕ್ಕೆ ನಾನು ಮೊದಲು ನೋಡುವುದು ಬಡಿತಗಳ ನಡುವಿನ ಅಂತರವನ್ನು.

ಆರೋಗ್ಯವಾಗಿರುವ ನಾಯಿ ಸುಮ್ನೆ ಮಲಗಿದ್ದಾಗ ಅದರ ಎದೆಬಡಿತ ಸಮನಾಗಿ ಇರುವುದಿಲ್ಲ. ಉಸಿರು ಎಳೆದಾಗ ವೇಗ ಹೆಚ್ಚುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದು ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಕೆಲಸ. ವಾಲ್ವ್ ತುಂಬಾ ಸೋರಿ ಹೃದಯ ಸೋಲತೊಡಗಿದರೆ ವೇಗಸ್‌ನ ಹಿಡಿತ ಸಡಿಲವಾಗಿ, ದೇಹವನ್ನು ಓಟಕ್ಕೆ ಸಜ್ಜುಮಾಡುವ ಸಿಂಪಥೆಟಿಕ್ ನರಗಳ ಕೈ ಮೇಲಾಗುತ್ತದೆ. ಆಗ ಬಡಿತ ವೇಗವಾಗುತ್ತದೆ, ಗಡಿಯಾರದ ಹಾಗೆ ಒಂದೇ ಸಮನೆ ನಡೆಯುತ್ತದೆ. ಮನೆಯವರಿಗೆ ಈ ಸಮನಾದ ಬಡಿತ ಒಳ್ಳೆಯದು ಅನ್ನಿಸುತ್ತದೆ. ನನಗೆ ಚಿಂತೆ ಶುರುವಾಗುವುದೇ ಅಲ್ಲಿ.

ಕೆಮ್ಮು ಇರುವ ನಾಯಿಯಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಚಿಕ್ಕ ತಳಿಗಳಲ್ಲಿ ಶ್ವಾಸನಾಳ ಕುಸಿದೂ ಕೆಮ್ಮು ಬರುತ್ತದೆ. ಮರ್ಮರ್ ಇದೆ, ಕೆಮ್ಮೂ ಇದೆ, ಆದರೆ ಬಡಿತ ಉಸಿರಿನ ಜೊತೆ ಏರಿಳಿಯುತ್ತಿದೆ ಅಂದರೆ ಶ್ವಾಸಕೋಶದಲ್ಲಿ ನೀರು ತುಂಬಿರುವ ಸಾಧ್ಯತೆ ಕಡಿಮೆ. ಕೆಮ್ಮಿದ್ದಕ್ಕೆಲ್ಲ ಫ್ಯುರೋಸೆಮೈಡ್ (ಮೂತ್ರದ ಮೂಲಕ ನೀರು ಹೊರಹಾಕಿಸುವ ಔಷಧ) ಕೊಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಎಕ್ಸ್‌ರೇ ತೆಗೆಸಿ, ಶ್ವಾಸನಾಳ ನೋಡಿ, ಆಮೇಲೆ ಮಾತ್ರೆ ಬರೆಯುತ್ತೇನೆ.

ಅಳೆಯಲು ಸಾಮಾನ್ಯ ಇಸಿಜಿ ಸಾಕು. ನಾಯಿಯನ್ನು ಬಲಮಗ್ಗುಲಿಗೆ ಮಲಗಿಸಿ, ತಲೆಯ ಹತ್ತಿರ ಮನೆಯವರನ್ನೇ ಕೂರಿಸುತ್ತೇನೆ. ತೇಕುತ್ತಿದ್ದರೆ ಅಳೆಯುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಗುಬ್ಬಿಯಿಂದಲೋ ಸಿರಾದಿಂದಲೋ ಆಟೋದಲ್ಲಿ ಬಂದ ನಾಯಿಯ ಬಡಿತದಿಂದ ಏನೂ ತಿಳಿಯದು. ಹಾಗಾಗಿ ಬೇಸಿಗೆಯಲ್ಲಿ ಬೆಳಗ್ಗೆಯೇ ಕರೆಸುತ್ತೇನೆ. ಬಂದ ಮೇಲೂ ಬೇರೆ ನಾಯಿಗಳಿಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಡುತ್ತೇನೆ. ಹೆದರಿದ ಆರೋಗ್ಯವಂತ ನಾಯಿಯ ಬಡಿತವೂ ಸಮನಾಗಿಬಿಡುತ್ತದೆ, ಅಲ್ವಾ?

ಇಸಿಜಿ ಪೇಪರ್ ಓಡುವ ವೇಗ ಸೆಕೆಂಡಿಗೆ 50 ಮಿ.ಮೀ. ಇಡುತ್ತೇನೆ. ಆಗ ಒಂದು ಮಿ.ಮೀ. ಅಂದರೆ 20 ಮಿಲಿಸೆಕೆಂಡ್. 25ರ ವೇಗದಲ್ಲಿ ಸ್ಕೇಲ್ ಅರ್ಧ ಮಿ.ಮೀ. ಆಚೀಚೆ ಆದರೂ 20 ಮಿಲಿಸೆಕೆಂಡ್ ತಪ್ಪುತ್ತದೆ. ಕಾಯಿಲೆ ಬಲಿತ ನಾಯಿಯಲ್ಲಿ ಇಡೀ ವ್ಯತ್ಯಾಸವೇ ಅಷ್ಟಿರಬಹುದು. ಬಡಿತಗಳ ನಡುವಿನ 20 ಅಂತರಗಳನ್ನು ಸಾಲಾಗಿ ಅಳೆದು ಎಕ್ಸೆಲ್‌ಗೆ ಹಾಕಿ, ಅವು ಎಷ್ಟು ಚದುರಿವೆ ಎಂದು ಹೇಳುವ ವೇರಿಯೆನ್ಸ್ ತೆಗೆದು, ದೊಡ್ಡ ಅಂಕಿಯನ್ನು ಚಿಕ್ಕದಾಗಿಸಲು ಅದರ ನ್ಯಾಚುರಲ್ ಲಾಗ್ ತೆಗೆಯುತ್ತೇನೆ. ಇದನ್ನು ವಿವಿಟಿಐ (ವಾಸೋವೇಗಲ್ ಟೋನಸ್ ಇಂಡೆಕ್ಸ್) ಅನ್ನುತ್ತಾರೆ. ಅಂತರಗಳು ಸರಾಸರಿಯಿಂದ ಸುಮಾರು 100 ಮಿಲಿಸೆಕೆಂಡ್ ಚದುರಿದ್ದರೆ ವೇರಿಯೆನ್ಸ್ 10,000, ಲಾಗ್ 9.2. ಬರೀ 10 ಮಿಲಿಸೆಕೆಂಡ್ ಚದುರಿದ್ದರೆ ವೇರಿಯೆನ್ಸ್ 100, ಲಾಗ್ 4.6. ಅದೇ ನಾಯಿಯ ಹಿಂದಿನ ಅಂಕಿಯ ಪಕ್ಕದಲ್ಲಿ ಇವತ್ತಿನದನ್ನು ಬರೆದಿಟ್ಟು ನೋಡುತ್ತೇನೆ. ಬೇರೆ ನಾಯಿಯ ಅಂಕಿ ಜೊತೆ ಹೋಲಿಸಲು ನನಗೆ ಮನಸ್ಸಿಲ್ಲ. ತಳಿ, ಸ್ವಭಾವ, ವಯಸ್ಸು ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ.

ಏರಿಳಿತವೆಲ್ಲ ಒಳ್ಳೆಯದೂ ಅಲ್ಲ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಬಡಿತ ಅಡ್ಡಾದಿಡ್ಡಿ ಓಡುತ್ತದೆ, ಲೆಕ್ಕ ಹಾಕಿದರೆ ಅಂಕಿ ದೊಡ್ಡದಾಗಿ, ಚೆನ್ನಾಗಿಯೇ ಬರುತ್ತದೆ. ಅದಕ್ಕೇ ಮೊದಲು ಇಸಿಜಿಯಲ್ಲಿ ಪಿ ಅಲೆ (ಮೇಲಿನ ಕೋಣೆಗಳು ಸರಿಯಾಗಿ ಬಡಿಯುತ್ತಿರುವ ಗುರುತು) ಇದೆಯಾ ನೋಡುತ್ತೇನೆ. ತೊಡೆಯ ಒಳಗಡೆ ನಾಡಿ ಹಿಡಿದು, ಪ್ರತಿ ಬಡಿತಕ್ಕೂ ನಾಡಿ ಬರುತ್ತಿದೆಯಾ ಎಂದೂ ನೋಡುತ್ತೇನೆ. ನಡುವೆ ಅಕಾಲದ ಬಡಿತಗಳಿದ್ದರೆ ಆ ಭಾಗ ಬಿಡುತ್ತೇನೆ. ನಮ್ಮ ಕಡೆ ಉಣ್ಣೆ ಕಾಟವೂ ಜೋರು. ಉಣ್ಣೆಯಿಂದ ಜ್ವರ ಬಂದು ರಕ್ತ ಕಡಿಮೆಯಾದ ನಾಯಿಯ ಬಡಿತವೂ ವೇಗವಾಗಿ, ಸಮನಾಗಿ ಇರುತ್ತದೆ. ಒಸಡು ಬಿಳಿಚಿಕೊಂಡಿದ್ದರೆ ಮೊದಲು ರಕ್ತ ಪರೀಕ್ಷೆ.

ಈ ಅಂಕಿ ನೋಡಿ ಔಷಧ ಶುರು ಮಾಡುವುದಿಲ್ಲ. ಅದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. 2016ರಲ್ಲಿ ಬಂದ ಎಪಿಕ್ ಅಧ್ಯಯನದಲ್ಲಿ, ಹೃದಯ ಹಿಗ್ಗಿದ್ದರೂ ಲಕ್ಷಣ ಇನ್ನೂ ಕಾಣದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಹೃದಯದ ಔಷಧ ಕೊಟ್ಟಾಗ ತೊಂದರೆ ಸುಮಾರು 15 ತಿಂಗಳು ಮುಂದಕ್ಕೆ ಹೋಗಿತ್ತು. ಹಿಗ್ಗಿದೆಯೋ ಇಲ್ಲವೋ ಎಂದು ಎಕೋ ಹೇಳಬೇಕು. ಎಲ್ಲರೂ ಪದೇ ಪದೇ ಬೆಂಗಳೂರಿಗೆ ಹೋಗಲಾಗುವುದಿಲ್ಲ. ಯಾರನ್ನು ತಡಮಾಡದೆ ಕಳಿಸಬೇಕು ಎಂಬುದಕ್ಕೆ ಈ ಅಂಕಿ ನನಗೆ ಸಹಾಯ ಮಾಡುತ್ತದೆ.

ಮನೆಯವರಿಗೂ ಒಂದು ಕೆಲಸ ಕೊಡುತ್ತೇನೆ. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷದ ಉಸಿರು ಎಣಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಎದೆ ಏರಿ ಇಳಿದರೆ ಒಂದು. 30ರ ಒಳಗಿದ್ದರೆ ಸರಿ. 30 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಆಗಲೂ ಹಾಗೇ ಇದ್ದರೆ ರಾತ್ರಿಯಾದರೂ ಫೋನ್ ಮಾಡಿ.