ಫ್ಲೆಮಿಂಗೋ, ಚಿರತೆ, ಪಾರಿವಾಳ: ಎಣಿಸುವುದು ಹೇಗೆ?

ಡಿಸೆಂಬರ್ ಬಂತೆಂದರೆ ಮುಂಬೈ ಪಕ್ಕದ ಥಾಣೆ ಖಾಡಿಯಲ್ಲಿ, ಅಂದರೆ ಒಳನಾಡಿಗೆ ಚಾಚಿದ ಸಮುದ್ರದ ನೀರಿನಲ್ಲಿ, ಫ್ಲೆಮಿಂಗೋಗಳು ಸೇರತೊಡಗುತ್ತವೆ. ನಮ್ಮ ಮುಲುಂಡ್, ಡೊಂಬಿವಲಿ ಕಡೆಯ ಕನ್ನಡದವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಫೋಟೋ ತೆಗೆದು, "ಲಕ್ಷ ಇರಬಹುದು ಅಲ್ವಾ" ಎನ್ನುತ್ತಾ ವಾಪಸ್ ಬರುತ್ತಾರೆ. ಆ ಅಂದಾಜನ್ನು ಗಟ್ಟಿ ಮಾಡುವುದು ಕಷ್ಟವೇನಲ್ಲ.

ಮೊದಲು ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಮೇಲೆ ದೂರದವರೆಗೂ ಹರಡಿಕೊಳ್ಳುತ್ತವೆ. ನೀರು ಏರುತ್ತಾ ಕೆಸರು ಮುಳುಗಿದಂತೆ ದಡದ ಕಡೆ ಒತ್ತಾಗಿ ಬರುತ್ತವೆ, ಎಣಿಸುವುದು ಆಗ. ಬೈನಾಕ್ಯುಲರ್‌ನಲ್ಲಿ ಗುಂಪಿನ ಒಂದು ತುದಿ ಹಿಡಿದು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಹತ್ತು ಎಂದರೆ ಎಷ್ಟು ಜಾಗ ಅಂತ ಕಣ್ಣಿಗೆ ಕೂತ ಮೇಲೆ ಹತ್ತು ಹತ್ತಾಗಿ ಮುಂದೆ ಹೋಗಿ, ಗುಂಪು ದೊಡ್ಡದಿದ್ದರೆ ನೂರರ ಲೆಕ್ಕ. ನಡುವೆ ದಟ್ಟ, ಅಂಚಿನಲ್ಲಿ ವಿರಳ ಇರುತ್ತದೆ, ಹಾಗಾಗಿ ಅಳತೆಯನ್ನು ಆಗಾಗ ಬದಲಿಸಬೇಕು. ಇಬ್ಬರು ಎಣಿಸುತ್ತಿದ್ದರೆ ಬರೆದುಕೊಳ್ಳುವವರೆಗೂ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಹೇಳಬೇಡಿ. ಹೇಳಿದರೆ ಎರಡೂ ಒಂದೇ ಆಗಿಬಿಡುತ್ತದೆ!

ಫ್ಲೆಮಿಂಗೋ ಕಣ್ಣಿಗೆ ಕಾಣುತ್ತದೆ. ಬೋರಿವಲಿ ನ್ಯಾಷನಲ್ ಪಾರ್ಕಿನ ಚಿರತೆ ಕಾಣುವುದಿಲ್ಲ. ಇದು ಅರಣ್ಯ ಇಲಾಖೆಯ ಅನುಮತಿ ಇರುವ ಸಂಶೋಧಕರ ಕೆಲಸ, ಆದರೆ ಲೆಕ್ಕ ಎಲ್ಲರಿಗೂ ಅರ್ಥವಾಗುವಂಥದ್ದು. ಕಾಲುದಾರಿಯ ಎರಡೂ ಬದಿ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಎರಡು ಯಾಕೆ ಅಂದರೆ, ಪ್ರತಿ ಚಿರತೆಯ ಮೈಚುಕ್ಕಿ ಬೇರೆ, ಅದೇ ಚಿರತೆಯ ಎಡಮಗ್ಗುಲು ಬಲಮಗ್ಗುಲು ಕೂಡ ಬೇರೆ. ಮೊದಲ ಸಲ 20 ಚಿರತೆಗಳ ಗುರುತು ಸಿಕ್ಕಿತು ಅಂದುಕೊಳ್ಳಿ. ಎರಡನೇ ಸಲ 15 ಸಿಕ್ಕವು, ಅದರಲ್ಲಿ 10 ಹಳೆಯವು. 20ನ್ನು 15ರಿಂದ ಗುಣಿಸಿ 10ರಿಂದ ಭಾಗಿಸಿ: 30. ಕಾಡಿನ ಒಟ್ಟು ಚಿರತೆಗಳ ಅಂದಾಜು ಇದೇ. ಹಳೆಯ ಮುಖಗಳೇ ಮತ್ತೆ ಮತ್ತೆ ಬಂದರೆ ತಪ್ಪಿಸಿಕೊಂಡವು ಕಡಿಮೆ, ಹೊಸವೇ ಬರುತ್ತಿದ್ದರೆ ಇನ್ನೂ ಬಹಳ ಇವೆ ಅಂತ. ಆದರೆ ಎರಡು ಸಲದ ನಡುವೆ ಅಂತರ ಜಾಸ್ತಿ ಇರಬಾರದು, ಅಷ್ಟರಲ್ಲಿ ಹುಟ್ಟು, ಸಾವು, ವಲಸೆ ಆದರೆ ಲೆಕ್ಕ ಕೆಡುತ್ತದೆ.

ನಮ್ಮ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳ ಪಟ್ಟೆ ನೋಡಿ ಮಾಡಿದ್ದು ಇದನ್ನೇ. ಆಗ ದೇಶದಲ್ಲಿ ಹೆಜ್ಜೆಗುರುತಿನ ಎಣಿಕೆ ನಡೆಯುತ್ತಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಸರ್ಕಾರಿ ಲೆಕ್ಕದಲ್ಲಿದ್ದ ಹುಲಿಗಳು ಕಾಡಿನಲ್ಲಿ ಒಂದೂ ಉಳಿದಿಲ್ಲ ಎಂದು 2005ರಲ್ಲಿ ಗೊತ್ತಾದಾಗ ಆ ವಿಧಾನದ ಮೇಲಿನ ನಂಬಿಕೆ ಹೋಯಿತು. ತಪ್ಪು ಎಣಿಕೆಯ ಬೆಲೆ ಅಷ್ಟು ದೊಡ್ಡದು.

ಜಿಂಕೆ ಎಣಿಸುವ ವಿಧಾನ ಬೇರೆ: ನೇರ ಗೆರೆಯಲ್ಲಿ ನಡೆದು, ಕಂಡ ಪ್ರತಿ ಗುಂಪು ಗೆರೆಯಿಂದ ಎಷ್ಟು ದೂರ ಇತ್ತು ಎಂದು ಬರೆಯುತ್ತಾರೆ. ದೂರ ಹೆಚ್ಚಿದಂತೆ ಕಾಣುವುದು ಕಡಿಮೆಯಾಗುತ್ತದೆ, ಅದರಿಂದ ಕಾಣದೇ ಉಳಿದವನ್ನು ಅಂದಾಜು ಮಾಡಬಹುದು.

ನೀವು ನಿಮ್ಮ ಸೊಸೈಟಿಯಲ್ಲೇ ಶುರು ಮಾಡಿ. ಬೆಳಿಗ್ಗೆ ಒಂದೇ ಜಾಗ, ಒಂದೇ ಹೊತ್ತು, ಹತ್ತು ನಿಮಿಷ. ಸುಮ್ನೆ ಹೆಸರಿನ ಪಟ್ಟಿ ಸಾಲದು, ಯಾವುದು ಎಷ್ಟು ಅಂತಲೂ ಬೇಕು. ಎರಡು ತೋಟದಲ್ಲೂ ಐದು ಜಾತಿಯ 100 ಹಕ್ಕಿಗಳಿವೆ ಎನ್ನಿ: ಒಂದರಲ್ಲಿ 96 ಪಾರಿವಾಳ, ಉಳಿದವು ಒಂದೊಂದು. ಇನ್ನೊಂದರಲ್ಲಿ ಎಲ್ಲವೂ ಇಪ್ಪತ್ತಿಪ್ಪತ್ತು. ಪಟ್ಟಿಯಲ್ಲಿ ಎರಡೂ ಒಂದೇ, ವೈವಿಧ್ಯದಲ್ಲಿ ಎರಡನೆಯದೇ ಮುಂದು, ಈ ವ್ಯತ್ಯಾಸವನ್ನು ಅಳೆಯಲು ಶಾನನ್ ಸೂಚ್ಯಂಕ ಎಂಬ ಲೆಕ್ಕವನ್ನು ಬಳಸುತ್ತಾರೆ. ನಿಮ್ಮ ಪಟ್ಟಿಯನ್ನು ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿ, ಪಾರಿವಾಳ ಕಾಗೆ ಬಿಡದೆ.