ಕರಗುವ ಸೂಕ್ಷ್ಮಸೂಜಿ ಪಟ್ಟಿ: ಲ್ಯಾಬ್‌ನಲ್ಲಿ ಮಾಡುವ ಬಗೆ

ಚರ್ಮಕ್ಕೆ ಒತ್ತಿದಾಗ ಸಣ್ಣ ಸೂಜಿಗಳು ಒಳಗೆ ಕರಗಿ ಔಷಧ ಬಿಡುವ ಪಟ್ಟಿ ಇದು. ಸುಮಾರು 600 ಮೈಕ್ರಾನ್ (0.6 ಮಿ.ಮೀ.) ಆಳದ, ಸೂಜಿಯಾಕಾರದ ಗುಳಿಗಳಿರುವ ಸಿಲಿಕೋನ್ ಅಚ್ಚು ಬೇಕು. 7.5 ಗ್ರಾಂ ಶುದ್ಧ ನೀರಿಗೆ ಕಡಿಮೆ ಅಣುತೂಕದ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ನೀರಲ್ಲಿ ಕರಗುವ ಪಾಲಿಮರ್) 1.5 ಗ್ರಾಂ ಹಾಕಿ, 80–90 ಡಿಗ್ರಿಯಲ್ಲಿ ಕಲಕುತ್ತಾ ಕರಗಿಸಿ. ಆರಿದ ಮೇಲೆ ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್, ಇದೂ ಅಂಥದ್ದೇ ಪಾಲಿಮರ್) 1 ಗ್ರಾಂ ಸೇರಿಸಿ, ಆವಿಯಾದಷ್ಟು ನೀರು ತುಂಬಿಸಿ. ಔಷಧ ಕೊನೆಗೆ, ಬಿಸಿಯಲ್ಲಿ ಹಾಕಿದರೆ ಕೆಡಬಹುದು.

ಕೆಲಸ ಕೆಡುವುದು ಹೆಚ್ಚಾಗಿ ಗಾಳಿಗುಳ್ಳೆಯಿಂದ. ಸಿಲಿಕೋನ್ ನೀರನ್ನು ಒಲ್ಲದು, ದ್ರಾವಣ ತಾನಾಗಿ ಗುಳಿಯ ತುದಿಗೆ ಇಳಿಯುವುದಿಲ್ಲ. ಅಚ್ಚಿಗೆ ಸುರಿದು ನಿರ್ವಾತದಲ್ಲಿಡಿ, ಆಮೇಲೆ 3500 ಆರ್‌ಪಿಎಂನಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ). ಮೇಲೆ ಉಳಿದದ್ದನ್ನು ಕೆರೆದು ತೆಗೆದು, ಔಷಧವಿಲ್ಲದ ದ್ರಾವಣದಿಂದ ಬುಡ ಕಟ್ಟಿ. ಇಲ್ಲದಿದ್ದರೆ ದುಬಾರಿ ಔಷಧ ಚರ್ಮದೊಳಗೆ ಹೋಗದೆ ಪಟ್ಟಿಯಲ್ಲೇ ಉಳಿಯುತ್ತದೆ.

ಒಣಗಿಸಲು ಕನಿಷ್ಠ 24 ಗಂಟೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಬೇಗ ಒಣಗುತ್ತದೆಂದು ಆತುರಪಟ್ಟರೆ ಬುಡ ಸುರುಟಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ತದ್ವಿರುದ್ಧ: ತೆರೆದಿಟ್ಟ ಮಂಡಕ್ಕಿಯಂತೆ ಸೂಜಿ ಮೆತ್ತಗಾಗಿ ಬಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರೇ (ಗಾಳಿಯಾಡದ ಮುಚ್ಚಳದ ಪಾತ್ರೆ) ಸರಿ.

ಸೂಜಿ ಚುಚ್ಚುತ್ತದೆಯೇ ಎಂದು ನೋಡಲು ಪ್ಯಾರಾಫಿಲ್ಮನ್ನು (ಮೇಣದಂಥ ಲ್ಯಾಬ್ ಹಾಳೆ) ಎಂಟು ಪದರವಾಗಿ ಮಡಚಿ, ಅದರ ಮೇಲೆ ಪಟ್ಟಿ ಒತ್ತಿ, ಎಷ್ಟು ಪದರ ತೂತಾಯಿತೆಂದು ಎಣಿಸಿ. ಮನುಷ್ಯರ ಮೈಮೇಲೆ ಮಾತ್ರ ಬೇಡ. ಇದು ಕ್ರಿಮಿರಹಿತವಲ್ಲ, ಅನುಮತಿಯೂ ಇಲ್ಲ.