ಗೇಮ್ ಆಡ್ತಾ ಆಡ್ತಾ ಪಿಸಿ ಕ್ರ್ಯಾಶ್ ಆಗ್ತಿದ್ಯಾ? ಹೊಸ ಪಾರ್ಟ್ ತಗೊಳ್ಳೋ ಮುಂಚೆ ಹೀಗೆ ಹುಡುಕಿ

ಕ್ರ್ಯಾಶ್ ಅನ್ನೋದು ಒಂದೇ ಪದ, ಆದ್ರೆ ಅದರ ಹಿಂದೆ ಐದಾರು ಬೇರೆ ಬೇರೆ ಕಾಯಿಲೆ ಇರುತ್ವೆ, ಎಲ್ಲದಕ್ಕೂ ವಿಂಡೋಸ್ ಮತ್ತೆ ಹಾಕೋದೇ ಮದ್ದು ಅಂದ್ಕೊಂಡ್ರೆ ರಜಾ ದಿನಗಳೆಲ್ಲ ಅದರಲ್ಲೇ ಕಳೆದುಹೋಗುತ್ತೆ. ನನ್ನ ಫ್ರೆಂಡ್ ಒಬ್ಬ ಮೂರು ಸಲ ವಿಂಡೋಸ್ ಹಾಕಿ ಸೋತು ಕೊನೆಗೆ ಗ್ರಾಫಿಕ್ಸ್ ಕಾರ್ಡನ್ನೇ ಬದಲಾಯಿಸೋಕೆ ಹೊರಟಿದ್ದ, ತೊಂದರೆ ಇದ್ದಿದ್ದು ಒಂದು ಕೇಬಲ್‌ನಲ್ಲಿ. ಅದಕ್ಕೇ ಮೊದಲು ಪತ್ತೆ, ಆಮೇಲೆ ರಿಪೇರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಒಟ್ಟಿಗೆ ಮಾಡಿದ್ರೆ ಸರಿಹೋದ್ರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಹೇಗೆ ಕ್ರ್ಯಾಶ್ ಆಯ್ತು ಅಂತ ಬರ್ಕೊಳ್ಳಿ

ಒಂದು ಹಾಳೆ ಪಕ್ಕದಲ್ಲಿ ಇಟ್ಕೊಳ್ಳಿ. ಯಾವ ಗೇಮ್, ಎಷ್ಟು ನಿಮಿಷ ಆಡಿದ ಮೇಲೆ, ಆ ಹೊತ್ತಲ್ಲಿ ಸ್ಕ್ರೀನ್ ಮೇಲೆ ಏನಾಯ್ತು, ಇಷ್ಟು ಸಾಕು. ಕರೆಂಟ್ ಹೋದಂಗೆ ಪಿಸಿ ಟಪ್ ಅಂತ ಆಫ್ ಆಗಿದ್ರೆ ಪವರ್ ಸಪ್ಲೈ ಅಥವಾ ಬಿಸಿ ಮೇಲೆ ಅನುಮಾನ. ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗಿ ವಾಪಸ್ ಬಂದು ಗೇಮ್ ಮಾತ್ರ ಮುಚ್ಕೊಂಡಿದ್ರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್ (ಕಾರ್ಡನ್ನ ನಡೆಸೋ ಸಾಫ್ಟ್‌ವೇರ್), ಯಾಕಂದ್ರೆ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದೇ ಇದ್ರೆ ವಿಂಡೋಸೇ ಡ್ರೈವರನ್ನ ರೀಸೆಟ್ ಮಾಡುತ್ತೆ. ಬಣ್ಣಬಣ್ಣದ ಚುಕ್ಕೆ, ಗೆರೆ, ಚದುರಿದ ಚೌಕಗಳು ಕಂಡ್ರೆ ಕಾರ್ಡ್ ಮೇಲಿರೋ ಮೆಮೊರಿ. ಬ್ಲೂ ಸ್ಕ್ರೀನ್ ಬಂದು ಪ್ರತಿ ಸಲ ಬೇರೆ ಬೇರೆ ಹೆಸರಿನ ಎರರ್ ತೋರಿಸಿದ್ರೆ ಮೊದಲು ನೋಡಬೇಕಾದ್ದು ರ‍್ಯಾಮ್. ಒಂದೇ ಒಂದು ಗೇಮ್ ಮಾತ್ರ ಬೀಳ್ತಾ ಇದ್ದು ಮಿಕ್ಕಿದ್ದೆಲ್ಲ ಗಂಟೆಗಟ್ಟಲೆ ಚೆನ್ನಾಗಿ ಓಡ್ತಿದ್ರೆ ಹೆಚ್ಚಿನ ಸಲ ಆ ಗೇಮ್‌ದೇ ಸಮಸ್ಯೆ, ಒಂದು ಪ್ಯಾಚ್‌ಗೆ ಕಾಯಿರಿ.

ವಿಂಡೋಸ್ ಏನು ಬರೆದಿಟ್ಟಿದೆ ನೋಡಿ

ಸ್ಟಾರ್ಟ್ ಮೆನುನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆಗೀರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ, ಕ್ರ್ಯಾಶ್ ಆದ ಟೈಮಿಗೆ ಸರಿಯಾಗಿ ಏನಿದೆ ನೋಡಿ. ಪಿಸಿನೇ ಆಫ್ ಅಥವಾ ರೀಸ್ಟಾರ್ಟ್ ಆಗಿದ್ರೆ ಕರ್ನಲ್ ಪವರ್ 41 ಅಂತ ಒಂದು ಕೆಂಪು ಸಾಲು ಸಾಮಾನ್ಯವಾಗಿ ಇರುತ್ತೆ, ತುಂಬಾ ಜನ ಪವರ್ ಅನ್ನೋ ಹೆಸರು ನೋಡಿ ಪವರ್ ಸಪ್ಲೈ ಹೋಗಿದೆ ಅಂತ ತೀರ್ಮಾನ ಮಾಡ್ತಾರೆ, ಅದು ತಪ್ಪು. ಪಿಸಿ ಸರಿಯಾಗಿ ಶಟ್‌ಡೌನ್ ಆಗ್ದೆ ನಿಂತುಹೋಯ್ತು ಅಂತ ಮಾತ್ರ ಅದರ ಅರ್ಥ, ಯಾಕೆ ನಿಂತಿತು ಅನ್ನೋದನ್ನ ಅದು ಹೇಳಲ್ಲ. ವೀಯಾ ಲಾಗರ್ (WHEA-Logger) ಅನ್ನೋ ಹೆಸರಿದ್ರೆ ಮಾತ್ರ ಸೀರಿಯಸ್ಸಾಗಿ ತಗೊಳ್ಳಿ, ಹಾರ್ಡ್‌ವೇರೇ ತನ್ನ ಎರರನ್ನ ತಾನೇ ರಿಪೋರ್ಟ್ ಮಾಡಿರುತ್ತೆ. ಡಿಸ್‌ಪ್ಲೇ 4101 ಇದ್ರೆ ಮೇಲೆ ಹೇಳಿದ ಆ 2 ಸೆಕೆಂಡಿನ ಕಥೆ.

ಓವರ್‌ಕ್ಲಾಕ್ ತೆಗೀರಿ, ಎಕ್ಸ್ಎಂಪಿನೂ ಸೇರಿ

ನಾನು ಏನೂ ಓವರ್‌ಕ್ಲಾಕ್ ಮಾಡಿಲ್ಲ ಅನ್ನೋರ ಪಿಸಿಯಲ್ಲೂ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಎಕ್ಸ್ಎಂಪಿ ಅಥವಾ ಎಕ್ಸ್‌ಪೋ, ಅಂದ್ರೆ ರ‍್ಯಾಮನ್ನ ಮಾಮೂಲಿಗಿಂತ ಜಾಸ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್, ಎಷ್ಟೋ ಸಲ ಆನ್ ಇರುತ್ತೆ, ಅದೂ ಓವರ್‌ಕ್ಲಾಕೇ. ಅದನ್ನ ಆಫ್ ಮಾಡಿ ಎರಡು ಮೂರು ದಿನ ಆಡಿ ನೋಡಿ. ಕ್ರ್ಯಾಶ್ ನಿಂತ್ರೆ ರ‍್ಯಾಮ್ ಕೆಟ್ಟಿದೆ ಅಂತಲೇ ಅಲ್ಲ, ಆ ಸ್ಪೀಡನ್ನ ಮದರ್‌ಬೋರ್ಡೋ ಪ್ರೊಸೆಸರೋ ತಡ್ಕೊಳ್ತಿಲ್ಲ ಅಂತನೂ ಇರಬಹುದು, ಒಂದು ಹಂತ ಕಡಿಮೆ ಸ್ಪೀಡ್ ಇಟ್ರೆ ಅಥವಾ ಬಯಾಸ್ ಅಪ್‌ಡೇಟ್ ಮಾಡಿದ್ರೆ ಸರಿಹೋಗೋದುಂಟು. ಎರಡು ಸಲ ಬೇರೆ ಬೇರೆಯಾಗಿ ತಗೊಂಡ ರ‍್ಯಾಮ್ ಸ್ಟಿಕ್‌ಗಳನ್ನ ಸೇರಿಸಿ ಹಾಕಿದವರಿಗೆ ಈ ತೊಂದರೆ ಜಾಸ್ತಿ.

ಇನ್ನು ರ‍್ಯಾಮ್ ಟೆಸ್ಟ್. ವಿಂಡೋಸ್ ಜೊತೆ ಬರೋ ಮೆಮೊರಿ ಡಯಾಗ್ನೋಸ್ಟಿಕ್ ಪಾಸ್ ಆದ ಮಾತ್ರಕ್ಕೆ ರ‍್ಯಾಮ್ ಚೆನ್ನಾಗಿದೆ ಅಂತ ನಂಬಬೇಡಿ. ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಟೆಸ್ಟ್ ಪ್ರೋಗ್ರಾಮನ್ನ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡೋಕೆ ಬಿಡಿ, 4 ಪಾಸ್ (ಅಂದ್ರೆ ನಾಲ್ಕು ಪೂರ್ತಿ ಸುತ್ತು) ಆಗ್ಲಿ. ಒಂದೇ ಒಂದು ಎರರ್ ಬಂದ್ರೂ ಫೇಲ್ ಅಂತಲೇ ಲೆಕ್ಕ. ಎರರ್ ಬಂದ್ರೆ ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಟೆಸ್ಟ್ ಮಾಡಿ. ಯಾವ ಸ್ಲಾಟ್‌ಗೆ ಹಾಕಿದ್ರೂ ಅದೇ ಸ್ಟಿಕ್ ಎರರ್ ಕೊಟ್ರೆ ಸ್ಟಿಕ್ ಹೋಗಿದೆ, ಯಾವ ಸ್ಟಿಕ್ ಹಾಕಿದ್ರೂ ಅದೇ ಸ್ಲಾಟ್‌ನಲ್ಲಿ ಎರರ್ ಬಂದ್ರೆ ಬೋರ್ಡ್ ಕಡೆ ನೋಡಿ.

ಬಿಸಿ ಎಷ್ಟಾಗ್ತಿದೆ

ಎಚ್‌ಡಬ್ಲ್ಯೂಇನ್ಫೋ (HWiNFO) ಅನ್ನೋ ಟೂಲ್ ಹಾಕ್ಕೊಂಡು ಸೆನ್ಸರ್ ರೀಡಿಂಗ್‌ನ ಫೈಲ್‌ಗೆ ಲಾಗ್ ಆಗೋ ಹಾಗೆ ಆನ್ ಮಾಡಿ, ಆಮೇಲೆ ಗೇಮ್ ಶುರು ಮಾಡಿ. ಪಿಸಿ ಸತ್ತು ಮತ್ತೆ ಎದ್ದ ಮೇಲೆ ಆ ಫೈಲ್ ತೆಗೆದು ಕಟ್ಟಕಡೆಯ ಸಾಲು ನೋಡಿ, ಸಾಯೋ ಹೊತ್ತಿಗೆ ಯಾವುದು ಎಷ್ಟು ಡಿಗ್ರಿ ಇತ್ತು ಅಂತ ಅಲ್ಲೇ ಇರುತ್ತೆ. ಪ್ರೊಸೆಸರ್ 90 ತೋರಿಸ್ತು ಅಂತ ಗಾಬರಿ ಆಗಬೇಡಿ, ರೈಜೆನ್ 7000 ಸೀರೀಸ್‌ನ ತುಂಬಾ ಚಿಪ್‌ಗಳಿಗೆ ಮಿತಿ 95, ಎಷ್ಟೋ ಇಂಟೆಲ್ ಚಿಪ್‌ಗಳಿಗೆ 100, ಆ ಮಿತಿ ಹತ್ರ ಬಂದಾಗ ಚಿಪ್ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ, ಹಾಗಾಗಿ ಬಿಸಿಯ ತೊಂದರೆ ಆದ್ರೆ ಸಾಮಾನ್ಯವಾಗಿ ಮೊದಲು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಬೀಳುತ್ತೆ, ಆಮೇಲೆ ಕ್ರ್ಯಾಶ್. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮಾಮೂಲಿ ಟೆಂಪರೇಚರ್‌ಗೂ ಹಾಟ್‌ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿ ಜಾಗ) 30 ಡಿಗ್ರಿ ವ್ಯತ್ಯಾಸ ಇದ್ರೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನ ಕೂಲರ್‌ಗೆ ದಾಟಿಸೋ ಪೇಸ್ಟ್) ಒಣಗಿರಬಹುದು. ಧೂಳು ಊದುವಾಗ ಫ್ಯಾನನ್ನ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿಗೆ ಗಿರಗಿರ ತಿರುಗೋಕೆ ಬಿಡಬೇಡಿ.

ಪವರ್ ಸಪ್ಲೈ ಮತ್ತೆ ಆ ಕೇಬಲ್

ಫ್ರೆಂಡ್ ಪಿಸಿ ಆಫ್ ಆಗ್ತಾ ಇದ್ದಿದ್ದು ಲೋಡಿಂಗ್ ಸ್ಕ್ರೀನ್ ಮುಗಿದು ದೊಡ್ಡ ಸೀನ್ ತೆರೆದುಕೊಳ್ಳೋ ಹೊತ್ತಿಗೇ. ಗ್ರಾಫಿಕ್ಸ್ ಕಾರ್ಡ್ ಮೇಲೆ ಪೂರ್ತಿ ಭಾರ ಹಾಕೋ ಫರ್‌ಮಾರ್ಕ್ ಅನ್ನೋ ಟೆಸ್ಟನ್ನ ಅರ್ಧ ಗಂಟೆ ಓಡಿಸಿದ್ವಿ, ಏನೂ ಆಗ್ಲಿಲ್ಲ, ಟೆಂಪರೇಚರ್ ಲಾಗ್‌ನಲ್ಲೂ ತಪ್ಪಿಲ್ಲ. ಫರ್‌ಮಾರ್ಕ್ ಒಂದೇ ಸಮ ಲೋಡ್ ಕೊಡುತ್ತೆ, ಗೇಮ್ ಹಾಗಲ್ಲ, ಮಿಲಿಸೆಕೆಂಡ್ ಲೆಕ್ಕದಲ್ಲಿ ಪವರ್ ಜಿಗಿಯುತ್ತೆ. ಆಮೇಲೆ ಆಫ್ಟರ್‌ಬರ್ನರ್ ಅನ್ನೋ ಟೂಲ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿದ್ವಿ, ಆ ಸಂಜೆಯೆಲ್ಲ ಒಂದು ಸಲನೂ ಆಫ್ ಆಗ್ಲಿಲ್ಲ. ಸೈಡ್ ಪ್ಯಾನೆಲ್ ಬಿಚ್ಚಿ ನೋಡಿದ್ರೆ ಕಾರ್ಡ್‌ನಲ್ಲಿ ಎರಡು 8 ಪಿನ್ ಸಾಕೆಟ್, ಎರಡಕ್ಕೂ ಹೋಗಿದ್ದು ಒಂದೇ ಕೇಬಲ್‌ನ ಎರಡು ತಲೆ. ಒಂದೊಂದು 8 ಪಿನ್ ಸಾಕೆಟ್‌ಗೆ 150 ವ್ಯಾಟ್ ಲೆಕ್ಕ, ಎರಡರ ಭಾರವೂ ಒಂದೇ ಕೇಬಲ್ ಮೇಲೆ ಬಿದ್ದಿತ್ತು. ಪವರ್ ಸಪ್ಲೈ ಜೊತೆ ಬಂದಿದ್ದ ಇನ್ನೊಂದು ಕೇಬಲ್ ಡಬ್ಬದಲ್ಲೇ ಇತ್ತು, ಅದನ್ನ ಬೇರೆಯಾಗಿ ಎಳೆದು ಹಾಕಿದ ಮೇಲೆ ಲಿಮಿಟ್ ವಾಪಸ್ 100ಕ್ಕೆ ಇಟ್ರೂ ತೊಂದರೆ ಇಲ್ಲ.

ಇಲ್ಲಿ ಎರಡು ವಿಷಯ ದಯವಿಟ್ಟು ನೆನಪಿಡಿ. ಒಂದು ಪವರ್ ಸಪ್ಲೈನ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ, ಪ್ಲಗ್ ಸರಿಯಾಗಿ ಕೂತ್ರೂ ಒಳಗಿನ ವೈರಿಂಗ್ ಬೇರೆ ಇರಬಹುದು, ಪಾರ್ಟ್‌ಗಳು ಸುಟ್ಟುಹೋಗುತ್ವೆ. ಪವರ್ ಸಪ್ಲೈ ಡಬ್ಬನ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯೋಷ್ಟು ಚಾರ್ಜ್ ಉಳಿದಿರಬಹುದು.

ಗ್ರಾಫಿಕ್ಸ್ ಕಾರ್ಡೋ ಪ್ರೊಸೆಸರೋ

ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಓಡಿಸಿ ಹಳೇ ಡ್ರೈವರ್ ಪೂರ್ತಿ ಕಿತ್ತು ಹೊಸದು ಹಾಕಿ. ಆಗ್ಲೂ ಬಿದ್ರೆ ಆಫ್ಟರ್‌ಬರ್ನರ್‌ನಲ್ಲಿ ಕಾರ್ಡ್‌ನ ಕೋರ್ ಕ್ಲಾಕನ್ನ (ಚಿಪ್ ಓಡೋ ಸ್ಪೀಡ್) 50ರಿಂದ 100 ಮೆಗಾಹರ್ಟ್ಸ್ ಇಳಿಸಿ ಆಡಿ, ಅದರಿಂದ ನಿಂತ್ರೆ ಕಂಪನಿಯಿಂದ ಬಂದ ಸ್ಪೀಡನ್ನ ಆ ಕಾರ್ಡ್ ಈಗ ತಡ್ಕೊಳ್ತಿಲ್ಲ ಅಂತ ಅರ್ಥ. ಚುಕ್ಕೆ ಗೆರೆಗಳು ಬಯಾಸ್ ಸ್ಕ್ರೀನ್‌ನಲ್ಲೂ ಕಾಣಿಸಿದ್ರೆ ಡ್ರೈವರ್ ಮೇಲೆ ಅನುಮಾನ ಬೇಡ, ಮಾನಿಟರ್ ಕೇಬಲ್ ಒಂದ್ಸಲ ಬದಲಾಯಿಸಿ ನೋಡಿ, ಆಮೇಲೆ ಕಾರ್ಡನ್ನ ಬೇರೆ ಪಿಸಿಗೆ ಹಾಕಿ ಆಡಿ, ಇದಕ್ಕಿಂತ ಒಳ್ಳೆ ಟೆಸ್ಟ್ ಇಲ್ಲ.

ಪ್ರೊಸೆಸರ್ ಕೆಡೋದು ಅಪರೂಪ ಅಂತ ನಾವೆಲ್ಲ ಅಂದ್ಕೊಂಡಿದ್ವಿ, ಇಂಟೆಲ್‌ನ 13 ಮತ್ತು 14ನೇ ಜನರೇಷನ್ ಡೆಸ್ಕ್‌ಟಾಪ್ ಚಿಪ್‌ಗಳು ಬಂದ ಮೇಲೆ ಆ ಮಾತು ಬದಲಾಯ್ತು. ಅನ್‌ರಿಯಲ್ ಎಂಜಿನ್ ಮೇಲೆ ಮಾಡಿದ ಗೇಮ್‌ಗಳು ಶೇಡರ್ ಕಂಪೈಲ್ ಆಗೋ ಹೊತ್ತಲ್ಲಿ (ಗ್ರಾಫಿಕ್ಸ್ ಕೋಡ್ ಸಿದ್ಧ ಮಾಡೋ ಹಂತ) ಔಟ್ ಆಫ್ ವಿಡಿಯೋ ಮೆಮೊರಿ ಅಂತ ಎರರ್ ಕೊಟ್ಟು ಬೀಳ್ತಿದ್ವು, ಮೆಸೇಜ್ ನೋಡಿ ಜನ ಗ್ರಾಫಿಕ್ಸ್ ಕಾರ್ಡನ್ನ ಬೈದ್ರು, ಲೆಕ್ಕ ತಪ್ಪು ಮಾಡ್ತಿದ್ದಿದ್ದು ಪ್ರೊಸೆಸರ್. ಚಿಪ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗ್ತಿದೆ ಅಂತ 2024ರ ಜುಲೈನಲ್ಲಿ ಇಂಟೆಲ್ ಒಪ್ಕೊಂಡು, ಆಗಸ್ಟ್‌ನಿಂದ ಬಯಾಸ್ ಮೂಲಕ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಕೋಡ್) ಅಪ್‌ಡೇಟ್ ಕೊಡ್ತು, ತೊಂದರೆಗೆ ಒಳಗಾಗೋ ಮಾಡೆಲ್‌ಗಳ ವಾರಂಟಿನ 2 ವರ್ಷ ಜಾಸ್ತಿನೂ ಮಾಡ್ತು. ನಿಮ್ಮ ಹತ್ರ ಆ ಚಿಪ್ ಇದ್ರೆ ಬಯಾಸ್ ಅಪ್‌ಡೇಟ್ ಇವತ್ತೇ ಮಾಡಿ. ಆದ್ರೆ ಆಗಲೇ ಸವೆದಿರೋ ಚಿಪ್ ಅಪ್‌ಡೇಟ್‌ನಿಂದ ವಾಪಸ್ ಸರಿಹೋಗಲ್ಲ, ವಾರಂಟಿಯಲ್ಲಿ ಬದಲಾಯಿಸ್ಕೊಳ್ಳೋದೇ ದಾರಿ.

ಡಿಸ್ಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಡಿಸ್ಕ್ ಸ್ಥಿತಿ ತೋರಿಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಟೂಲ್‌ನಲ್ಲಿ ಕಾಷನ್ ಅಂತ ತೋರಿಸಿದ್ರೆ ಮೊದಲು ಬ್ಯಾಕಪ್ ತಗೊಳ್ಳಿ. ಗೇಮ್ ಫೈಲ್ ವೆರಿಫೈ ಮಾಡಿದಾಗೆಲ್ಲ ಹೊಸದಾಗಿ ಫೈಲ್ ಕೆಟ್ಟಿರೋದು ಸಿಕ್ಕಿ, ಡಿಸ್ಕ್ ಮಾತ್ರ ಚೆನ್ನಾಗಿದೆ ಅಂತ ಬಂದ್ರೆ, ಮತ್ತೆ ರ‍್ಯಾಮ್ ಟೆಸ್ಟ್‌ಗೆ ವಾಪಸ್ ಹೋಗಿ.

ಯಾವುದೋ ಒಂದು ಬದಲಾವಣೆಯಿಂದ ಕ್ರ್ಯಾಶ್ ನಿಂತ ಮೇಲೂ ಅದೇ ಗೇಮ್, ಅದೇ ಸೀನ್ ಒಂದು ವಾರ ಆಡಿ ನೋಡಿ, ಆ ಹಾಳೆನೂ ಲಾಗ್ ಫೈಲ್‌ನೂ ಎಸೀಬೇಡಿ. ವಾರಂಟಿಗೆ ಹೋಗಬೇಕಾಗಿ ಬಂದ್ರೆ ಮೆಮ್‌ಟೆಸ್ಟ್ ಎರರ್ ಇರೋ ಸ್ಕ್ರೀನಿನ ಫೋಟೋ, ಚುಕ್ಕೆ ಬಂದಾಗ ಫೋನಲ್ಲಿ ತೆಗೆದ ವಿಡಿಯೋ, ಇವನ್ನ ಜೊತೆಗೇ ಕಳಿಸಿ.